ಬಾಯಿ ಮುಕ್ಕಳಿಸುವ ಔಷಧಿ: ಸೂಚನೆ ಕನ್ನಡದಲ್ಲಿರಲಿ

ಮಾನ್ಯ ಸಂಪಾದಕರೇ,

ವಸಡಿನಲ್ಲಿ ರಕ್ತ ಒಸರುತ್ತಿದ್ದುದಕ್ಕೆ ದಂತವೈದ್ಯರು ಹಲ್ಲಿನ ಪಾಚಿ ತೆಗೆದು, ಎರಡು ವಾರ ಮುಕ್ಕಳಿಸಲೆಂದು ಶೇ 0.2ರ ಕ್ಲೋರ್‌ಹೆಕ್ಸಿಡಿನ್ ಎಂಬ ಸೂಕ್ಷ್ಮಾಣುನಾಶಕ ದ್ರಾವಣ ಬರೆದುಕೊಟ್ಟಿದ್ದರು. ಬಾಯಿ ಹಗುರವೆನಿಸಿದ್ದರಿಂದ ಅವಧಿ ಮುಗಿದ ಮೇಲೂ ಮೂರು ತಿಂಗಳು ಅದನ್ನೇ ಕೊಂಡು ಬಳಸಿದೆ. ಔಷಧಿ ಅಂಗಡಿಯಲ್ಲಿ ಯಾರೂ ಏಕೆಂದು ಕೇಳಲಿಲ್ಲ. ಹಲ್ಲು ಕಂದುಗಟ್ಟಿದಾಗ, ಬಾಗೇಪಲ್ಲಿ ಕಡೆಯವನಾದ ನಾನು ಮೊದಲು ದೂರಿದ್ದು ಕೊಳವೆಬಾವಿಯ ಫ್ಲೋರೈಡ್ ನೀರನ್ನು. ಹಲ್ಲು ರೂಪುಗೊಳ್ಳುವ ಎಳವೆಯಲ್ಲಿ ಕುಡಿದ ನೀರಿನಿಂದಾಗುವ ಆ ಕಲೆ, ಅರವತ್ತು ದಾಟಿದವನಿಗೆ ಹೊಸದಾಗಿ ಬರಲಾರದೆಂಬುದು ಆಗ ಹೊಳೆಯಲಿಲ್ಲ.

ಬಾಯಿಗೆ ಹಾಕಿದ ಔಷಧಿಯನ್ನು ಜೊಲ್ಲು ಬೇಗನೆ ತೊಳೆದುಬಿಡುತ್ತದೆ. ಧನ ವಿದ್ಯುದಂಶವುಳ್ಳ ಕ್ಲೋರ್‌ಹೆಕ್ಸಿಡಿನ್ ಮಾತ್ರ ಹಲ್ಲಿಗೂ ಬಾಯಿಯ ಒಳಪೊರೆಗೂ ಅಂಟಿಕೊಂಡು ಗಂಟೆಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುತ್ತದೆ. ಪಾಚಿ ಕಟ್ಟದಂತೆ ಅದು ತಡೆಯುವುದು ಈ ಗುಣದಿಂದಲೇ. 1970ರಲ್ಲಿ ಲೋ ಮತ್ತು ಶಿಯೋಟ್ ಎಂಬ ಸಂಶೋಧಕರು ದಿನಕ್ಕೆರಡು ಬಾರಿ ಮುಕ್ಕಳಿಸಿದರೆ ಹಲ್ಲುಜ್ಜದಿದ್ದರೂ ಹೊಸ ಪಾಚಿ ಕಟ್ಟದೆಂದು ತೋರಿಸಿದ್ದರು. ಆದರೆ ಚಹಾ, ಕಾಫಿಯ ಬಣ್ಣವೂ ಅದೇ ಅಂಟಿಗೆ ಹತ್ತಿಕೊಂಡು ಹಲ್ಲು ಕಂದುಗಟ್ಟುತ್ತದೆ (ನನ್ನ ದಿನದ ಐದು ಲೋಟ ಕಾಫಿಯ ಪಾಲೂ ಇದರಲ್ಲಿದೆಯೆಂದು ಒಪ್ಪುತ್ತೇನೆ). ಟೂತ್‌ಪೇಸ್ಟಿನ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಈ ಔಷಧಿಯ ಶಕ್ತಿಯನ್ನೇ ಕುಂದಿಸುವುದರಿಂದ, ಹಲ್ಲುಜ್ಜಿದ ಬೆನ್ನಿಗೇ ಮುಕ್ಕಳಿಸದೆ ಅರ್ಧ ಗಂಟೆಯಾದರೂ ಬಿಡಬೇಕು. ಆಗಲೇ ದಪ್ಪಗೆ ಕಟ್ಟಿದ ಪಾಚಿಯ ಒಳಕ್ಕೂ, ವಸಡು ಸಡಿಲಗೊಂಡು ಉಂಟಾದ ಆಳದ ಸಂದುಗಳಿಗೂ ಮುಕ್ಕಳಿಸುವ ನೀರು ಸರಿಯಾಗಿ ಇಳಿಯದು. ಅಂಥ ಸಂದಿನಲ್ಲಿ 2.5 ಮಿಲಿಗ್ರಾಂ ಕ್ಲೋರ್‌ಹೆಕ್ಸಿಡಿನ್ ಇರುವ ಪುಟ್ಟ ಬಿಲ್ಲೆಯನ್ನು ಇಡುವ ಚಿಕಿತ್ಸೆಯಿದ್ದು, ಅದು ಅಲ್ಲಿಯೇ ಕರಗುತ್ತ ಸುಮಾರು ಒಂದು ವಾರ ಔಷಧಿ ಉಣಿಸುತ್ತದೆ. ಅದು ವೈದ್ಯರ ಕೈಯ ಕೆಲಸ, ಸೀಸೆಯಿಂದಾಗುವುದಲ್ಲ.

ನನ್ನ ಕಲೆ ಮೇಲ್ಮೈಯದಾದ್ದರಿಂದ ವೈದ್ಯರು ಉಜ್ಜಿ ತೆಗೆದರು. ನಾನು ಕೊಂಡ ಸೀಸೆಯ ಮೇಲಿನ ಸೂಚನೆ ಇಂಗ್ಲಿಷಿನ ಸಣ್ಣಕ್ಷರದಲ್ಲಿತ್ತು. ಓದು ಬಲ್ಲ ನನಗೇ ಭೂತಗನ್ನಡಿ ಬೇಕಾಯಿತು. ಎಷ್ಟು ದಿನ, ಹಲ್ಲುಜ್ಜಿದ ಎಷ್ಟು ಹೊತ್ತಿಗೆ, ಉಗುಳಬೇಕೇ ನುಂಗಬಹುದೇ ಎಂಬ ಮೂರು ಸಾಲನ್ನು ಕನ್ನಡದಲ್ಲಿ ಮುದ್ರಿಸಿ ಸೀಸೆಯೊಂದಿಗೆ ಕೊಡುವಂತೆ ಜಿಲ್ಲಾ ಆರೋಗ್ಯ ಇಲಾಖೆಯು ಔಷಧಿ ವ್ಯಾಪಾರಿಗಳಿಗೆ ತಿಳಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆ