ಅಟ್ಟದ ಪುನುಗು ಬೆಕ್ಕಿಗೆ ವಿಷವಿಡಬೇಡಿ

ಮಾನ್ಯರೇ,

ಮಲೆನಾಡಿನ ಹಂಚಿನ ಮನೆಗಳ ಅಟ್ಟಕ್ಕೆ ಪುನುಗು ಬೆಕ್ಕು ಸೇರಿಕೊಳ್ಳುವುದು ಹೊಸ ಸಂಗತಿಯಲ್ಲ. ರಾತ್ರಿಯಿಡೀ ಮುಚ್ಚಿಗೆಯ ಮೇಲೆ ದಡದಡ ಓಡಾಟ, ಹಲಗೆಯ ಸಂದಿಯಿಂದ ತೊಟ್ಟಿಕ್ಕುವ ಮೂತ್ರ, ಒಂದೇ ಮೂಲೆಯಲ್ಲಿ ರಾಶಿ ಬೀಳುವ ಹಿಕ್ಕೆ, ಗೂಡಿನ ಚಿಲಕ ಸಡಿಲವಿದ್ದರೆ ಬೆಳಗಾಗುವಷ್ಟರಲ್ಲಿ ಇಲ್ಲವಾಗುವ ಕೋಳಿ, ಇವನ್ನೆಲ್ಲ ನಮ್ಮ ಮನೆಯಲ್ಲೂ ಅನುಭವಿಸಿರುವುದರಿಂದ ಜನರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಸಿಟ್ಟಿನಲ್ಲಿ ಬಾಳೆಹಣ್ಣಿನೊಳಗೆ ಕೀಟನಾಶಕದ ಹರಳು ತುರುಕಿ ಇಡುವುದು ನಿಲ್ಲಬೇಕು.

ಕಳೆದ ತಿಂಗಳು ನಮ್ಮೂರಿನ ಒಂದು ಮನೆಯಲ್ಲಿ ಹೀಗೆ ವಿಷ ತಿಂದ ತಾಯಿ ಬೆಕ್ಕು ಹಂಚಿಗೂ ಮುಚ್ಚಿಗೆಗೂ ನಡುವೆ ಕೈಗೆಟುಕದ ಜಾಗದಲ್ಲಿ ಸತ್ತಿತು. ಕೊಳೆತ ನಾತಕ್ಕೆ ಮನೆಯವರು ವಾರಗಟ್ಟಲೆ ಜಗಲಿಯಲ್ಲೇ ಮಲಗಬೇಕಾಯಿತು. ಮೂಲೆಯಲ್ಲಿದ್ದ ಮೂರು ಮರಿಗಳು ಎರಡು ರಾತ್ರಿ ಕೂಗಿ ಸುಮ್ಮನಾದವು. ಆ ಕೂಗು ಕೇಳಿದವರಲ್ಲಿ ನಾನೂ ಒಬ್ಬ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಪ್ರಾಣಿಯನ್ನು ಕೊಲ್ಲುವುದಷ್ಟೇ ಅಲ್ಲ, ಬೋನಿಟ್ಟು ಹಿಡಿಯುವುದೂ ಬೇಟೆಯೆಂದೇ ಪರಿಗಣಿತವಾಗುತ್ತದೆ. ಕಾನೂನಿನ ಮಾತು ಹಾಗಿರಲಿ, ಇಲಿ ಹಿಡಿಯುವ, ಬೈನೆ ಮತ್ತು ಕಾಫಿಯ ಹಣ್ಣು ತಿಂದು ಬೀಜವನ್ನು ದೂರ ದೂರ ಹಾಕುವ ಈ ಜೀವಿಯಿಂದ ತೋಟಕ್ಕೆ ಉಪಕಾರವೇ ಹೆಚ್ಚೆಂಬುದು ನನ್ನ ಅನುಭವ.

ಅದನ್ನು ಹೊರಗಿಡುವುದು ಕಷ್ಟವೂ ಅಲ್ಲ. ಮಾಡಿಗೆ ತಾಗಿದ ಸೀಬೆ, ನುಗ್ಗೆಯ ಕೊಂಬೆಗಳನ್ನು ಮೊದಲು ಸವರಬೇಕು. ಮಾಡಿಗೆ ಹತ್ತಿರವಿರುವ ತೆಂಗು, ಅಡಿಕೆ ಮರಗಳ ಕಾಂಡಕ್ಕೆ ತಗಡು ಸುತ್ತಬೇಕು. ಅದು ಓಡಾಡುವ ಸಂದಿಯ ಸುತ್ತ ಗೋಡೆ ಕಪ್ಪಗೆ ಜಿಡ್ಡುಗಟ್ಟಿರುತ್ತದೆ. ಅಲ್ಲಿ ಒಲೆಯ ಬೂದಿ ಚೆಲ್ಲಿದರೆ ಹೋದ ಹೆಜ್ಜೆ, ಬಂದ ಹೆಜ್ಜೆ ಎರಡೂ ತಿಳಿಯುತ್ತವೆ. ಕತ್ತಲಾದ ಮೇಲೆ ಅದು ಹೊರಗೆ ಹೋದದ್ದು ಖಚಿತವಾದಾಗ ಗಟ್ಟಿ ತಂತಿಬಲೆ ಬಡಿದು ಸಂದಿ ಮುಚ್ಚಿದರೆ ಕೆಲಸ ಮುಗಿಯಿತು. ಮರಿಗಳಿದ್ದರೆ ಮಾತ್ರ ಅವು ತಾಯಿಯ ಹಿಂದೆ ಹೊರಗೆ ಓಡಾಡತೊಡಗುವ ತನಕ ಕಾಯಲೇಬೇಕು; ಅವಸರಪಟ್ಟು ಮುಚ್ಚಿದರೆ ನಾನು ಮೇಲೆ ಹೇಳಿದ ಸಂಕಟವೇ ಮತ್ತೆ ಎದುರಾಗುತ್ತದೆ. ಅಮೆರಿಕದ ಹಳ್ಳಿಗಳಲ್ಲಿ ಇದಕ್ಕಿಂತ ಘೋರ ದುರ್ವಾಸನೆ ಚಿಮ್ಮಿಸುವ ಸ್ಕಂಕ್ ಮನೆಯ ಅಡಿಪಾಯದೊಳಗೆ ಬಿಲ ಮಾಡಿಕೊಂಡಾಗ, ಹೊರಗಡೆಗೆ ಮಾತ್ರ ತೆರೆದುಕೊಳ್ಳುವ ಪುಟ್ಟ ಬಾಗಿಲು ಕಟ್ಟುತ್ತಾರೆ. ಹೋದದ್ದು ಮರಳಿ ಒಳಬರಲಾಗುವುದಿಲ್ಲ. ನಮ್ಮ ಬಡಗಿಗಳೂ ಅಂಥದ್ದನ್ನು ಅರ್ಧ ದಿನದಲ್ಲಿ ಮಾಡಿಕೊಡಬಲ್ಲರು.

ಅರಣ್ಯ ಇಲಾಖೆಯವರು ಗ್ರಾಮ ಪಂಚಾಯಿತಿಗಳ ಜೊತೆ ಸೇರಿ, ಮಳೆ ಹಿಡಿಯುವ ಮೊದಲು ಹಂಚು ಕೈಯಾಡಿಸುವ ದಿನಗಳಲ್ಲೇ ಪ್ರತಿ ಊರಿನ ಒಂದು ಮನೆಯ ಮಾಡಿನ ಮೇಲೆ ಈ ಕೆಲಸವನ್ನು ಮಾಡಿ ತೋರಿಸಬೇಕೆಂದು ನನ್ನ ಕೋರಿಕೆ. ಹೇಗೂ ಆಗ ಏಣಿ, ಹಂಚು, ಆಳು ಎಲ್ಲವೂ ಅಂಗಳದಲ್ಲೇ ಇರುತ್ತವೆ.

— ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು