ಅಂಗಡಿ ಮುಚ್ಚಿದ ಮೇಲೆ ಹುಡುಗಿ ಎಲ್ಲಿರಬೇಕು?

ಮಾನ್ಯ ಸಂಪಾದಕರೇ,

ನಮ್ಮ ಗಂಗಾವತಿಯ ಒಂದು ಮಂಡಕ್ಕಿ-ಮಿರ್ಚಿ ಅಂಗಡಿಯ ಬಲ್ಬಿನ ಕೆಳಗೆ ಪುಟ್ಟ ಹುಡುಗಿಯೊಬ್ಬಳು ದಿನಾ ಮಗ್ಗಿ ಬರೆಯುತ್ತಾಳೆ. ನೋಟ್‌ಬುಕ್ಕಿನ ತುಂಬ ಎಣ್ಣೆ ಕಲೆ. ಅವ್ವ ರಾತ್ರಿ ದುಡಿಯಲು ಹೋಗಿರುತ್ತಾಳೆ. ಅದು ಲೈಂಗಿಕ ವೃತ್ತಿ ಅಂತ ಓಣಿಗೆಲ್ಲ ಗೊತ್ತು, ಹುಡುಗಿಗೂ ಗೊತ್ತು. ಹತ್ತಕ್ಕೆ ಅಂಗಡಿ ಮುಚ್ಚುತ್ತದೆ. ಆಮೇಲೆ?

ಶಾಲೆಗೆ ಸೇರಿಸುವುದೂ ಸುಲಭ ಅಲ್ಲ. ಒಮ್ಮೆ ಸಾಲಿನಲ್ಲಿ ನನ್ನ ಮುಂದೆ ಇಂಥ ತಾಯಿಯೊಬ್ಬರು ನಿಂತಿದ್ದರು. 'ತಂದೆ ಹೆಸರು ಯಾಕೆ ಬರೆದಿಲ್ಲ?' ಅಂತ ಶಾಲೆಯವರು ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ಆಕೆ ಅರ್ಜಿ ಮಡಚಿ, ಸೆರಗಿನೊಳಗೆ ಇಟ್ಟುಕೊಂಡು ಹೊರಟೇಬಿಟ್ಟರು. ವಯಸ್ಸಿನ ದಾಖಲೆ ಇಲ್ಲದಿದ್ದರೂ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ ಅನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ತಂದೆ ಹೆಸರಿಗೆ ಇಷ್ಟು ಹಟ ಯಾಕೋ.

ತಾಯಿ ಈ ಕಸುಬಿನಲ್ಲಿದ್ದಾಳೆ ಅನ್ನುವ ಒಂದೇ ಕಾರಣಕ್ಕೆ ಮಗುವನ್ನು ಅವಳಿಂದ ಬೇರೆ ಮಾಡಬಾರದು ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ಮಗು ಬೀದಿಯಲ್ಲೇ ಇರಲಿ ಅಂತ ಅರ್ಥ ಅಲ್ಲ, ಅಲ್ವಾ? ದೂರದ ಹಾಸ್ಟೆಲ್‌ಗೆ ಕಳಿಸಿ ಅಂತ ಸುಮ್ನೆ ಹೇಳಿಬಿಡಬಹುದು. ಆರೇಳು ವರ್ಷದ ಕೂಸನ್ನು ಯಾವ ಅವ್ವ ಬಿಟ್ಟಿರುತ್ತಾಳೆ? ಸಂಜೆಯಿಂದ ಬೆಳಗಿನವರೆಗೆ ತೆರೆದಿರುವ ಒಂದು ಕೋಣೆ, ಬಿಸಿ ಊಟ, ಚಾಪೆ, ಪಾಠ ಹೇಳಿಕೊಡಲು ಒಬ್ಬ ಟೀಚರ್, ರಾತ್ರಿಗೆ ನಂಬಿಕಸ್ಥ ಆಯಾ. ಜಾಸ್ತಿ ಏನೂ ಕೇಳುತ್ತಿಲ್ಲ. ಅಂಗನವಾಡಿ ಕಟ್ಟಡಗಳು ರಾತ್ರಿ ಖಾಲಿಯೇ ಇರುತ್ತವೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಮೊದಲು ಒಂದರ ಬೀಗ ತೆಗೆಸಲಿ. ಆದರೆ ಬಾಗಿಲ ಮೇಲೆ ಇಂಥವರ ಮಕ್ಕಳ ಕೇಂದ್ರ ಅಂತ ಬೋರ್ಡ್ ಮಾತ್ರ ಬರೆಸಬೇಡಿ.

– ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ