ಶಾಲೆಗಳಲ್ಲಿ ಕ್ರಿಸ್‌ಮಸ್: ಜಪಾನಿನಲ್ಲಿ ಕಂಡದ್ದು

ಮಾನ್ಯ ಸಂಪಾದಕರೇ,

ದಾವಣಗೆರೆಯ ಖಾಸಗಿ ಶಾಲೆಗಳು ಮಕ್ಕಳಿಗೆ ಸಾಂತಾಕ್ಲಾಸ್ ವೇಷ ಹಾಕಿಸಿ ಕ್ರಿಸ್‌ಮಸ್ ಆಚರಿಸುವುದು ಸರಿಯೇ ಎಂಬ ಬಗ್ಗೆ ತಮ್ಮ ವಾಚಕರ ವಿಭಾಗದಲ್ಲಿ ಪರ ವಿರೋಧದ ಪತ್ರಗಳು ಪ್ರಕಟವಾಗುತ್ತಿವೆ. ಜಪಾನಿನ ಸರ್ಕಾರಿ ಮಾಧ್ಯಮಿಕ ಶಾಲೆಯೊಂದರಲ್ಲಿ ಕೆಲವು ವರ್ಷ ಇಂಗ್ಲಿಷ್ ಸಹಾಯಕ ಶಿಕ್ಷಕಿಯಾಗಿದ್ದು, ಈಗ ಇದೇ ಊರಿನಲ್ಲಿ ಪಾಠ ಹೇಳುತ್ತಿರುವ ನಾನು ಈ ಚರ್ಚೆಗೆ ಒಂದು ಮಾತು ಸೇರಿಸಬಯಸುತ್ತೇನೆ.

ಡಿಸೆಂಬರ್ ಬಂದೊಡನೆ ಅಲ್ಲಿ ಕ್ರಿಸ್‌ಮಸ್ ಪಾಠದ ಹೊಣೆ ತಾನಾಗಿ ನನ್ನ ಹೆಗಲೇರುತ್ತಿತ್ತು. ನಾನು ಕ್ರೈಸ್ತಳೂ ಅಲ್ಲ, ಪಶ್ಚಿಮ ದೇಶದವಳೂ ಅಲ್ಲ. ಆದರೆ ಇಂಗ್ಲಿಷ್ ಕಲಿಸಲು ಬಂದವರು ಆ ಹಬ್ಬವನ್ನೂ ಜೊತೆಗೆ ಹೊತ್ತು ತಂದಿರುತ್ತಾರೆಂಬುದು ಸಹೋದ್ಯೋಗಿಗಳ ಎಣಿಕೆಯಾಗಿತ್ತು. ಹಿಮವನ್ನೇ ಕಾಣದ ಬಯಲುಸೀಮೆಯವಳೊಬ್ಬಳು, ಕಿಟಕಿಯಾಚೆ ಹಿಮ ಬೀಳುತ್ತಿರುವಾಗ, ಅದರಲ್ಲೇ ಆಡಿ ಬೆಳೆದ ಮಕ್ಕಳಿಗೆ ಹಿಮಸಾರಂಗದ ಹಾಡು ಹೇಳಿಕೊಡುತ್ತಿದ್ದುದನ್ನು ನೆನೆದರೆ ಈಗಲೂ ನಗು ಬರುತ್ತದೆ. ನಿಮ್ಮ ದೇಶದಲ್ಲೂ ಅಂದು ಕೆಎಫ್‌ಸಿ ಕೋಳಿಯನ್ನೇ ತಿನ್ನುವಿರಾ ಎಂದು ಮಕ್ಕಳು ಕೇಳುತ್ತಿದ್ದರು. 1974ರಲ್ಲಿ ಆ ಕಂಪನಿ ಜಪಾನಿನಲ್ಲಿ ನಡೆಸಿದ ಪ್ರಚಾರ ಎಷ್ಟು ಫಲಿಸಿತೆಂದರೆ, ಇಂದಿಗೂ ಕ್ರಿಸ್‌ಮಸ್‌ಗಾಗಿ ಮುಂಗಡ ಹಣ ಕೊಟ್ಟು ಕೋಳಿ ಕಾಯ್ದಿರಿಸುವವರಿದ್ದಾರೆ. ಅದರೊಂದಿಗೆ ಬಿಳಿ ಕೆನೆಯ ಮೇಲೆ ಸ್ಟ್ರಾಬೆರಿ ಜೋಡಿಸಿದ ಕೇಕ್ ಇರಬೇಕು. ಹಿಂದಿನ ದಿನದ ಸಂಜೆ ಮಾತ್ರ ಬಹುಮಟ್ಟಿಗೆ ಪ್ರೇಮಿಗಳಿಗೆ ಮೀಸಲು.

ಡಿಸೆಂಬರ್ 25 ಅಲ್ಲಿ ಸರ್ಕಾರಿ ರಜೆಯೇ ಅಲ್ಲ. ಜನಸಂಖ್ಯೆಯಲ್ಲಿ ಕ್ರೈಸ್ತರು ಶೇಕಡ 1ರ ಆಸುಪಾಸಿನಲ್ಲಿದ್ದಾರೆ. 1614ರಲ್ಲಿ ದೇಶದಾದ್ಯಂತ ನಿಷೇಧಕ್ಕೊಳಗಾದ ಆ ಧರ್ಮವನ್ನು ನಾಗಾಸಾಕಿಯ ಸುತ್ತಮುತ್ತಲಿನ ಕೆಲವು ಹಳ್ಳಿಗಳ ಜನ ಎರಡು ಶತಮಾನಕ್ಕೂ ಹೆಚ್ಚು ಕಾಲ ಗುಟ್ಟಾಗಿ ಉಳಿಸಿಕೊಂಡರು. ಆ ಸ್ಥಳಗಳು 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಂಥ ಇತಿಹಾಸವಿದ್ದೂ ನನ್ನ ವಿದ್ಯಾರ್ಥಿಗಳಿಗೆ ಸಾಂತಾಕ್ಲಾಸ್ ಗೊತ್ತಿದ್ದನೇ ಹೊರತು ಯೇಸು ಹುಟ್ಟಿದ ಗೋದಲಿ ಗೊತ್ತಿರಲಿಲ್ಲ. ಜಪಾನಿನಲ್ಲಿ ನಾನಿದ್ದ ಜಿಲ್ಲೆಯ ಇನ್ನೊಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಅಮೆರಿಕದ ಶಿಕ್ಷಕರೊಬ್ಬರಿಗೆ ಇದು ನೋವಿನ ಸಂಗತಿಯಾಗಿತ್ತು. ಊರೆಲ್ಲ ದೀಪಾಲಂಕಾರ, ಅಂಗಡಿಗಳಲ್ಲೆಲ್ಲ ಅವರದೇ ಹಾಡುಗಳು. ಆದರೆ ಹಬ್ಬದ ದಿನ ಅವರಿಗೆ ಎಂದಿನಂತೆ ಶಾಲೆ. ನವೆಂಬರಿನ ನಾಲ್ಕನೆಯ ಗುರುವಾರ ಬರುವ ತಮ್ಮ ನಾಡಿನ ಕೃತಜ್ಞತೆಯ ಹಬ್ಬ ಥ್ಯಾಂಕ್ಸ್‌ಗಿವಿಂಗನ್ನು ಅವರು ನವೆಂಬರ್ 23ಕ್ಕೆ ಹೊಂದಿಸಿಕೊಳ್ಳುತ್ತಿದ್ದರು, ಏಕೆಂದರೆ ಅಂದು ಜಪಾನಿನಲ್ಲಿ ದುಡಿಮೆಗೆ ಕೃತಜ್ಞತೆ ಹೇಳುವ ರಜಾದಿನ. 1948ರಲ್ಲಿ ಈ ಹೆಸರು ಪಡೆಯುವ ಮೊದಲು ಅದು ಚಕ್ರವರ್ತಿ ಹೊಸ ಅಕ್ಕಿಯನ್ನು ದೇವರಿಗೆ ಅರ್ಪಿಸುವ ದಿನವಾಗಿತ್ತು. ನಮ್ಮ ರೈತರ ಸೀಗೆ ಹುಣ್ಣಿಮೆಯ ಬಗ್ಗೆ ಅವರಿಗೆ ನಾನು ಹೇಳಿದ್ದು ಅಂಥದೊಂದು ಹಬ್ಬದ ಊಟದ ವೇಳೆಯಲ್ಲೇ.

ಪರಕೀಯ ಹಬ್ಬದಿಂದ ನಮ್ಮ ಸಂಸ್ಕೃತಿ ಕೆಡುತ್ತದೆಂದು ಬರೆದವರು ಡಿಸೆಂಬರ್ 26ರ ಬೆಳಗ್ಗೆ ಜಪಾನಿನ ಪೇಟೆಯನ್ನು ನೋಡಬೇಕು. ಕ್ರಿಸ್‌ಮಸ್ ಮರ ಮಾಯವಾಗಿ ಅಲ್ಲಿ ಪೈನ್ ಮತ್ತು ಬಿದಿರಿನ ಹೊಸ ವರ್ಷದ ಅಲಂಕಾರ ಕದೊಮಾತ್ಸು ನಿಂತಿರುತ್ತದೆ. ಮನೆಯ ಮೂಲೆಮೂಲೆ ಗುಡಿಸಿ ಒರೆಸಿ, 31ರ ರಾತ್ರಿ ಸೋಬಾ ಶಾವಿಗೆ ತಿಂದು, ಬೌದ್ಧ ಮಂದಿರಗಳ ಗಂಟೆ 108 ಬಾರಿ ಮೊಳಗುವುದನ್ನು ಆಲಿಸುತ್ತಾರೆ. ಬೆಳಗಾದರೆ ಅಂಚೆಯವನು ಶುಭಾಶಯ ಪತ್ರಗಳ ಕಟ್ಟು ತರುತ್ತಾನೆ, ಮಕ್ಕಳಿಗೆ ಪುಟ್ಟ ಲಕೋಟೆಯಲ್ಲಿ ಹಣ ಸಿಗುತ್ತದೆ. ಇಷ್ಟು ಜಪಾನೀಯವಾದ ಈ ಹಬ್ಬದ ದಿನಾಂಕವೂ ಪಶ್ಚಿಮದ್ದೇ. ಮೊದಲು ಅವರ ಹೊಸ ವರ್ಷ ನಮ್ಮ ಯುಗಾದಿಯಂತೆ ಚಂದ್ರನ ಗತಿಯ ಲೆಕ್ಕದಲ್ಲಿ ಬರುತ್ತಿತ್ತು. ಜನವರಿ 1ಕ್ಕೆ ಅದು ಸ್ಥಳಾಂತರಗೊಂಡದ್ದು 1873ರಲ್ಲಿ; ಕ್ರೈಸ್ತ ಧರ್ಮದ ನಿಷೇಧದ ಫಲಕಗಳನ್ನು ಸರ್ಕಾರ ಕಿತ್ತುಹಾಕಿದ್ದೂ ಅದೇ ವರ್ಷ.

ಆದ್ದರಿಂದ ಶಾಲೆಯಲ್ಲಿ ಕ್ರಿಸ್‌ಮಸ್ ಬೇಡವೆನ್ನುವವರ ಆತಂಕ ನನಗಿಲ್ಲ. ನನ್ನ ತಕರಾರು ವೇಷದ ಬಗ್ಗೆ. ಜಪಾನಿನ ಆ ಊರಿನಲ್ಲಿ ಹಬ್ಬದ ಅರ್ಥವನ್ನು ಕೇಳಿ ತಿಳಿಯಲು ನೆರೆಯಲ್ಲಿ ಕ್ರೈಸ್ತ ಮನೆಯೇ ಇರಲಿಲ್ಲ. ಹಾಗಾಗಿ ಅಲ್ಲಿನ ಶಿಕ್ಷಕರು ಪರದೇಶದ ನನ್ನ ಮೊರೆ ಹೋದರು. ದಾವಣಗೆರೆಯ ಶಾಲೆಗಳಿಗೆ ಆ ಕಷ್ಟವಿಲ್ಲ. ಸೆಪ್ಟೆಂಬರಿನಲ್ಲಿ ಹರಿಹರದ ಆರೋಗ್ಯಮಾತೆಯ ಉತ್ಸವಕ್ಕೆ ಬೇರೆ ಮತದವರೂ ಹರಕೆ ಹೊತ್ತು ಹೋಗುವ ನಾಡಿದು. ಕನ್ನಡದಲ್ಲೇ ಪ್ರಾರ್ಥನೆ ಮಾಡುವ ಕ್ರೈಸ್ತ ಮಕ್ಕಳು ಅದೇ ತರಗತಿಯ ಬೆಂಚಿನಲ್ಲಿ ಕುಳಿತಿರುವಾಗ, ಹತ್ತಿಯ ಗಡ್ಡ ಅಂಟಿಸಿ ಹಿಮದ ಹಾಡು ಹಾಡಿಸುವುದು ಇಂಗ್ಲಿಷ್ ಮಾಧ್ಯಮದ ಜಾಹೀರಾತಾಗಬಹುದು, ಹಬ್ಬದ ಪರಿಚಯವಾಗಲಾರದು. ಆಡಳಿತ ಮಂಡಳಿಗಳು ಈ ವರ್ಷ ವೇಷಭೂಷಣಕ್ಕೆಂದು ಪೋಷಕರಿಂದ ಹಣ ಕೇಳುವುದನ್ನು ಬಿಟ್ಟು, ಒಪ್ಪುವ ವಿದ್ಯಾರ್ಥಿಯ ಮನೆಯ ಹಿರಿಯರೊಬ್ಬರನ್ನು ಆಹ್ವಾನಿಸಿ, ಗೋದಲಿ ಕಟ್ಟುವುದು ಹೇಗೆ, ಅಂದು ಮನೆಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಮಕ್ಕಳ ಮುಂದೆ ಅವರ ಬಾಯಿಂದಲೇ ಹೇಳಿಸಬೇಕೆಂದು ಕೋರುತ್ತೇನೆ.

— ಒಬ್ಬ ಶಿಕ್ಷಕಿ, ದಾವಣಗೆರೆ